ಟಿ.ವಿ.ಯ ಮನೆ ನವೀಕರಣ: ಗ್ರಾಹಕರ ಮಾತಿನಿಂದ ವರ್ತಕರು ಕಲಿಯಬೇಕಾದ ಪಾಠ

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಣ್ಣ, ಟೈಲ್ಸ್ ಮತ್ತು ಹಾರ್ಡ್‌ವೇರ್ ಅಂಗಡಿಗಳಿಗೆ ಬರುವ ಗ್ರಾಹಕರು ಬೆಲೆ ವಿಚಾರಿಸುವ ಮೊದಲೇ ಟಿ.ವಿ.ಯಲ್ಲಿ ಕಂಡ ಮನೆಯ ಮಾತೆತ್ತುವುದುಂಟು. “ಅಲ್ಲಿ ಏಳು ದಿನಕ್ಕೆ ಮನೆಯನ್ನೇ ಕಟ್ಟಿಬಿಡ್ತಾರೆ. ನಿಮ್ಮ ಮೇಸ್ತ್ರಿಗೆ ಒಂದು ರೂಮಿಗೆ ತಿಂಗಳು ಬೇಕಾ ಸ್ವಾಮಿ?” ಎಂಬ ಪ್ರಶ್ನೆ ನಮ್ಮ ಸದಸ್ಯರಿಗೆ ಹೊಸದಲ್ಲ. ಇದನ್ನು ಬರಿಯ ಹರಟೆಯೆಂದು ತಳ್ಳಿಹಾಕಲಾಗದು. ಗ್ರಾಹಕನ ಅಪೇಕ್ಷೆ ಮತ್ತು ತಪ್ಪು ತಿಳಿವಳಿಕೆ ಎರಡೂ ಅದರಲ್ಲಿರುತ್ತವೆ. ಮೊದಲನೆಯದು ಮಾರಾಟಕ್ಕೆ ದಾರಿ; ಎರಡನೆಯದು ಜಗಳಕ್ಕೆ.

ಪರದೆಯ ಮೇಲಿನ ಲೆಕ್ಕ

ಅಮೆರಿಕದ ಬಾಸ್ಟನ್‌ನಲ್ಲಿ 1979ರಲ್ಲಿ ಆರಂಭವಾದ ‘ದಿಸ್ ಓಲ್ಡ್ ಹೌಸ್’ ಹಳೆಯ ಮನೆಯ ದುರಸ್ತಿಯನ್ನು ಹಂತಹಂತವಾಗಿ ತೋರಿಸಿತು. 1996ರಲ್ಲಿ ಬಿ.ಬಿ.ಸಿ.ಯ ‘ಚೇಂಜಿಂಗ್ ರೂಮ್ಸ್’ ಇದೇ ಕೆಲಸವನ್ನು ಎರಡು ದಿನಕ್ಕೆ ಇಳಿಸಿತು. 2003ರಲ್ಲಿ ಬಂದ ‘ಎಕ್ಸ್‌ಟ್ರೀಮ್ ಮೇಕ್‌ಓವರ್: ಹೋಮ್ ಎಡಿಷನ್’ ಏಳು ದಿನಗಳಲ್ಲಿ ಇಡೀ ಮನೆಯನ್ನೇ ನಿಲ್ಲಿಸಿತು. ಆದರೆ ಅಲ್ಲಿ ಸ್ವಯಂಸೇವಕರ ದಂಡು ಹಗಲಿರುಳೂ ದುಡಿಯುತ್ತಿತ್ತು. ಸಾಮಗ್ರಿಯಲ್ಲಿ ಬಹಳಷ್ಟು ದಾನವಾಗಿ ಬರುತ್ತಿತ್ತು. ವೀಕ್ಷಕರ ಮನಸ್ಸಿನಲ್ಲಿ ಉಳಿಯುವುದು ಏಳು ದಿನ ಮಾತ್ರ. ಕೂಲಿಯೂ ಸಾಮಗ್ರಿಯ ಬೆಲೆಯೂ ಅಲ್ಲ. ನಮ್ಮಲ್ಲಿ ಹೊಸ ಗಾರೆಗೆ ಕನಿಷ್ಠ ಏಳು ದಿನ ನೀರುಣಿಸಬೇಕು; ಬಣ್ಣ ಬಳಿಯುವ ಮುನ್ನ ಸುಮಾರು ನಾಲ್ಕು ವಾರ ಒಣಗಲು ಬಿಡಬೇಕು.

ಗೋಡೆ ಗೋಡೆಗೂ ವ್ಯತ್ಯಾಸ

ಅಮೆರಿಕದ ಬಹುಪಾಲು ಮನೆಗಳು ಮರದ ಚೌಕಟ್ಟಿನವು; ಒಳಗೋಡೆ ಜಿಪ್ಸಂ ಹಲಗೆಯದು. ಅಲ್ಲಿ ಭಾರ ಹೊರದ ಗೋಡೆಯನ್ನು ಒಂದೇ ದಿನದಲ್ಲಿ ಕೆಡವಬಹುದು. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಕಲ್ಲು ಚಪ್ಪಡಿಯ ಮಾಳಿಗೆಯ ಭಾರವನ್ನು ಗೋಡೆಯೇ ಹೊರುತ್ತದೆ. ಟಿ.ವಿ. ನೋಡಿ ಅಂಥ ಗೋಡೆಗೆ ಸುತ್ತಿಗೆ ಹಾಕಿದರೆ ಪ್ರಾಣಕ್ಕೇ ಅಪಾಯ. ಹಾಗೆಯೇ, ತೇವ ಏರುವ ಮಣ್ಣಿನ ಗೋಡೆಗೆ ಪುಟ್ಟಿ ಮತ್ತು ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಅದು ಒಂದೇ ಮಳೆಗಾಲದಲ್ಲಿ ಉಬ್ಬಿ ಉದುರಬಹುದು. ದೂರು ಬರುವುದು ಅಂಗಡಿಗೆ.

ಒಂದು ಉದಾಹರಣೆ

10 ಅಡಿಗೆ 12 ಅಡಿಯ ಕೋಣೆಗೆ ಗ್ರಾಹಕ ‘ಎರಡಡಿ’ ಟೈಲ್ ಕೇಳುತ್ತಾನೆ. ಅವನ ಲೆಕ್ಕದಲ್ಲಿ 120 ಚದರಡಿಗೆ 30 ಟೈಲ್. ನಾಲ್ಕರ ಪೆಟ್ಟಿಗೆಯಾದರೆ 8 ಪೆಟ್ಟಿಗೆ. ಆದರೆ ಎರಡಡಿ ಟೈಲಿನ ನಿಜವಾದ ಅಳತೆ 600 ಮಿ.ಮೀ., ಎರಡಡಿಗಿಂತ ತುಸು ಕಡಿಮೆ. ಹಾಗಾಗಿ ನೆಲಕ್ಕೇ 31 ಬೇಕು. ಒಡಕು ಮತ್ತು ಕತ್ತರಿಕೆಗೆ ಶೇ. 10ರಂತೆ 3, ಅದೇ ಟೈಲಿನಿಂದ ನಾಲ್ಕಂಗುಲದ ಸ್ಕರ್ಟಿಂಗ್ ಮಾಡಿಸಿದರೆ 5 ಸೇರಿ ಒಟ್ಟು 39, ಅಂದರೆ 10 ಪೆಟ್ಟಿಗೆ. ಉಳಿದ ಎರಡನ್ನು ತಿಂಗಳ ನಂತರ ಕೊಂಡರೆ ಬ್ಯಾಚ್ ಬದಲಾಗಿ ಬಣ್ಣ ಹೊಂದದೆ ಹೋಗಬಹುದು.

ಅನುಸರಿಸಬೇಕಾದ ಕ್ರಮ

1. ಗ್ರಾಹಕನು ನೋಡಿದ್ದರಲ್ಲಿ ಅವನಿಗೆ ಹಿಡಿಸಿದ್ದು ಬಣ್ಣವೋ, ಬೆಳಕೋ, ಜಾಗದ ಹೊಂದಾಣಿಕೆಯೋ ಎಂದು ಮೊದಲು ಕೇಳಿರಿ. ಇಡೀ ಕೋಣೆ ಬೇಕೆನ್ನುವವರಿಗೆ ಒಂದು ಗೋಡೆಯ ಬಣ್ಣವೇ ಸಾಕಾಗಬಹುದು.

2. ಮನೆಯ ವಯಸ್ಸು, ಮಾಳಿಗೆ, ತೇವ ಈ ಮೂರನ್ನು ವಿಚಾರಿಸಿರಿ. ಗೋಡೆ ತೆಗೆಯುವ ಮಾತು ಬಂದರೆ ಸಾಮಗ್ರಿ ಕೊಡುವ ಮುನ್ನ ಎಂಜಿನಿಯರರ ಬಳಿಗೆ ಕಳುಹಿಸಿರಿ.

3. ಸಾಮಗ್ರಿ, ಕೂಲಿ, ಸಾಗಣೆ, ತೆರಿಗೆಗಳನ್ನು ಬೇರೆಬೇರೆಯಾಗಿ ತೋರಿಸಿ ಅಂದಾಜು ಪಟ್ಟಿಯನ್ನು ಬರೆದೇ ಕೊಡಿರಿ, ದಿನಾಂಕ ನಮೂದಿಸಿರಿ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಾಗ ಹಳೆಯ ಪಟ್ಟಿಗಳೆಲ್ಲವೂ ಬದಲಾಗಬೇಕಾಯಿತು.

4. ಬಿಲ್ಲಿನಲ್ಲಿ ಟೈಲ್ ಬ್ಯಾಚ್ ಸಂಖ್ಯೆಯನ್ನೂ ಬಣ್ಣದ ಛಾಯೆಯ ಸಂಖ್ಯೆಯನ್ನೂ ಬರೆಯಿರಿ.

ಸಣ್ಣ ತಯಾರಕರಿಗೂ ಈ ಮಾತುಗಳು ಉಪಯುಕ್ತ. ಬಡಗಿ, ಗ್ರಿಲ್, ಅಲ್ಯೂಮಿನಿಯಂ ಘಟಕಗಳವರು ಅಂಗಡಿಯವರೊಡನೆ ಸಂಪರ್ಕವಿಟ್ಟುಕೊಂಡು, ಯಾವ ಬೇಡಿಕೆ ಪದೇಪದೇ ಬರುತ್ತಿದೆ ಎಂದು ತಿಂಗಳಿಗೊಮ್ಮೆ ಗುರುತುಹಾಕಿಕೊಂಡರೆ ಮಾದರಿಗಳನ್ನು ಮುಂಚಿತವಾಗಿ ಸಿದ್ಧಪಡಿಸಬಹುದು. ಟಿ.ವಿ. ಹುಟ್ಟಿಸಿದ ಆಸೆಯನ್ನು ನಮ್ಮ ಮನೆಯ ಗೋಡೆಗೂ ಗ್ರಾಹಕನ ಕೈಯಲ್ಲಿರುವ ಹಣಕ್ಕೂ ಹೊಂದಿಸಿಕೊಡುವ ವರ್ತಕನ ಅಂಗಡಿಗೆ ಗ್ರಾಹಕ ಮತ್ತೆ ಬರುತ್ತಾನೆ.