ಮನೋದೌರ್ಬಲ್ಯವೂ ಪ್ರಾರ್ಥನೆಯೂ

ಹೊರಗಿನ ವೈರಿಗಿಂತ ಒಳಗಿನ ವೈರಿ ಬಲಿಷ್ಠನೆಂದು ಹಿರಿಯರು ಹೇಳುವರು. ಹೊರಗಿನವನು ಎದುರಿಗೆ ನಿಂತು ಹೋರಾಡುತ್ತಾನೆ; ಒಳಗಿನವನಾದರೋ ನಮ್ಮ ದನಿಯಲ್ಲಿಯೇ ಮಾತನಾಡುತ್ತಾನೆ. ‘ನಿನ್ನಿಂದಾಗದು, ಇದು ನಿನ್ನಂಥವನಿಗಲ್ಲ’ ಎಂದು ಅವನು ಪಿಸುಗುಟ್ಟಿದಾಗ ಅದು ನಮ್ಮ ವಿವೇಕದ ಮಾತೆಂದೇ ಭ್ರಮಿಸುತ್ತೇವೆ. ಈ ಮನೋದೌರ್ಬಲ್ಯವನ್ನು ಪ್ರಾರ್ಥನೆಯಿಂದ ಗೆಲ್ಲುವುದು ಸಾಧ್ಯವೇ, ಸಾಧ್ಯವಾದರೆ ಹೇಗೆ ಎಂಬುದನ್ನು ನಾನು ಓದಿದಷ್ಟು, ಅನುಭವಿಸಿದಷ್ಟು ಇಲ್ಲಿ ನಿವೇದಿಸಲು ಯತ್ನಿಸುವೆನು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಮೊದಲ ವರ್ಷದ ಇಂಗ್ಲಿಷ್ ಪರೀಕ್ಷೆಯಲ್ಲಿ ಅನುತ್ತೀರ್ಣನಾದೆನು. ಮರುಪರೀಕ್ಷೆಯಲ್ಲಿಯೂ ಅದೇ ಫಲ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಬೆರಳು ನಡುಗುತ್ತಿತ್ತು, ಉಸಿರು ಕಟ್ಟುತ್ತಿತ್ತು. ಕಲಿಕೆಯನ್ನು ಬಿಟ್ಟು ಕೂಲಿಗೆ ಹೋಗುವುದೇ ಮೇಲೆಂದು ನಿಶ್ಚಯಿಸಿ, ವರ್ಗಾವಣೆ ಪತ್ರಕ್ಕಾಗಿ ಅರ್ಜಿಯನ್ನೂ ಬರೆದೆನು. ಅದು ಬಹಳ ದಿನ ನನ್ನ ಜೇಬಿನಲ್ಲಿಯೇ ಇತ್ತು.

ಆ ದಿನಗಳಲ್ಲಿ ಗ್ರಂಥಾಲಯದಲ್ಲಿ ಪತಂಜಲಿಯ ಯೋಗಸೂತ್ರಗಳ ಕನ್ನಡ ವಿವರಣೆಯೊಂದು ನನಗೆ ದೊರೆಯಿತು. ಮೊದಲನೆಯ ಪಾದದಲ್ಲಿ ಆ ಮುನಿಯು ಚಿತ್ತವನ್ನು ಚದುರಿಸುವ 9 ಅಡ್ಡಿಗಳನ್ನು ಎಣಿಸಿರುವನು. ರೋಗ, ಜಡತೆ, ಸಂಶಯ, ಅಜಾಗರೂಕತೆ, ಸೋಮಾರಿತನ, ವಿಷಯಾಸಕ್ತಿ, ತಪ್ಪು ತಿಳಿವಳಿಕೆ, ನೆಲೆ ದೊರಕದಿರುವುದು, ದೊರಕಿದ ನೆಲೆಯಲ್ಲಿ ನಿಲ್ಲಲಾರದಿರುವುದು ಎಂಬಿವೇ ಅವು. ಇವುಗಳ ಜೊತೆಗೇ ದುಃಖ, ಮನಸ್ಸಿನ ಖಿನ್ನತೆ, ಮೈನಡುಕ, ಉಸಿರಾಟದ ಏರುಪೇರು ಬರುವುವೆಂದೂ ಹೇಳಿದೆ. ಇದನ್ನೋದಿ ಬೆರಗಾದೆನು. ಪರೀಕ್ಷಾ ಕೊಠಡಿಯಲ್ಲಿ ನನಗಾದುದನ್ನು ಅಷ್ಟು ಪ್ರಾಚೀನ ಕಾಲದಲ್ಲಿಯೇ ಒಬ್ಬನು ಬರೆದಿಟ್ಟಿದ್ದನು! ಹಾಗಾದರೆ ಅದು ನನ್ನೊಬ್ಬನ ಅಪಮಾನವಲ್ಲ, ಮನುಷ್ಯಮಾತ್ರರ ಪಾಡು ಎಂಬ ಅರಿವೇ ಅರ್ಧ ಧೈರ್ಯವನ್ನು ತಂದಿತು.

ಪತಂಜಲಿಯು ಪರಿಹಾರವನ್ನೂ ಹೇಳಿರುವನು. ಪ್ರಣವವನ್ನು ಅದರ ಅರ್ಥವನ್ನು ಭಾವಿಸುತ್ತ ಜಪಿಸುವುದು ಒಂದು. ಹಿಂಸೆ, ಅಸತ್ಯಗಳತ್ತ ಎಳೆಯುವ ಯೋಚನೆಗಳು ಬಾಧಿಸಿದಾಗ ಅವುಗಳ ಫಲ ಮುಗಿಯದ ದುಃಖ ಮತ್ತು ಅಜ್ಞಾನವೆಂದು ಎದುರು ಭಾವನೆಯನ್ನು ತಂದುಕೊಳ್ಳುವುದು ಮತ್ತೊಂದು. ಇದಕ್ಕೆ ಪ್ರತಿಪಕ್ಷಭಾವನೆ ಎಂದು ಹೆಸರು. ನಿರಾಶೆಗೂ ಇದೇ ಮದ್ದು ಸಲ್ಲುವುದೆಂದು ನನ್ನ ಭಾವನೆ. ಆದರೆ ಅಭ್ಯಾಸವು ಗಟ್ಟಿಯಾಗಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕು. ಫಲಿತಾಂಶದ ಹಿಂದಿನ ದಿನ ಮಾತ್ರ ದೇವರನ್ನು ನೆನೆಯುವ ನಮ್ಮಂಥವರು ಈ ಮೂರು ನಿಬಂಧನೆಗಳನ್ನು ಮರೆಯಬಾರದು.

ಗಾಂಧೀಜಿಯವರ ಬಾಳು ಇದಕ್ಕೆ ನಿದರ್ಶನ. ಬಾಲ್ಯದಲ್ಲಿ ಅವರು ಕತ್ತಲೆಗೆ, ಕಳ್ಳರಿಗೆ, ಭೂತಗಳಿಗೆ ಅಂಜುತ್ತಿದ್ದರು. ಅಂಜಿಕೆಯಾದಾಗ ರಾಮನಾಮವನ್ನು ಜಪಿಸೆಂದು ಅವರಿಗೆ ಕಲಿಸಿದವಳು ಪಂಡಿತಳಲ್ಲ. ರಂಭಾ ಎಂಬ ಮನೆಯ ದಾದಿ. ಆ ಬೀಜವೇ ಮುಂದೆ ಅವರ ಆಶ್ರಮದ ನಿತ್ಯಪ್ರಾರ್ಥನೆಯಾಗಿ ಬೆಳೆಯಿತು. ಗೀತೆಯ ಎರಡನೆಯ ಅಧ್ಯಾಯದ ಕೊನೆಯ 19 ಶ್ಲೋಕಗಳನ್ನು, ಎಂದರೆ ಸ್ಥಿತಪ್ರಜ್ಞನ ಲಕ್ಷಣಗಳನ್ನು, ಅಲ್ಲಿ ಸಂಜೆ ಪಠಿಸುತ್ತಿದ್ದರು. 1948ರ ಜನವರಿ 30ರಂದು ಗುಂಡು ತಗುಲಿದಾಗಲೂ ಅವರು ಪ್ರಾರ್ಥನಾಸಭೆಗೆ ನಡೆದು ಹೋಗುತ್ತಿದ್ದರು.

ಗೀತೆಯೂ ಆರಂಭವಾಗುವುದು ಒಬ್ಬ ವೀರನ ಕುಗ್ಗುವಿಕೆಯಿಂದಲೇ. ಮೊದಲನೆಯ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ವಿಷಾದವೂ ದೇವರ ಮುಂದೆ ತೆರೆದಿಟ್ಟರೆ ಯೋಗವಾಗುವುದೆಂಬುದು ಈ ಹೆಸರಿನ ಸ್ವಾರಸ್ಯವಿರಬಹುದು. ಶರಣಾಗತನಾದ ಅರ್ಜುನನು ರಣರಂಗವನ್ನು ಬಿಟ್ಟುಹೋಗಲಿಲ್ಲ. ಕೆಳಗಿಟ್ಟ ಬಿಲ್ಲನ್ನು ಮತ್ತೆ ಎತ್ತಿಕೊಂಡನು.

ನಮ್ಮ ನಾಡಿನ 12ನೆಯ ಶತಮಾನದ ಶರಣರೂ ಇದನ್ನೇ ತೋರಿಸಿಕೊಟ್ಟರು. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿ, ಆ ದೌರ್ಬಲ್ಯವನ್ನು ಮುಚ್ಚಿಡದೆ ಕೂಡಲಸಂಗಮನ ಮುಂದಿಟ್ಟರು. ಆಯ್ದಕ್ಕಿ ಮಾರಯ್ಯನಿಗಾದರೋ ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಮರೆಯಬಹುದಾದಷ್ಟು ಕಾಯಕವೇ ದೊಡ್ಡದು. ದುಡಿಮೆಯಿಲ್ಲದ ಭಕ್ತಿಗೆ ಶರಣರಲ್ಲಿ ಎಡೆಯಿರಲಿಲ್ಲ.

ಈ ಮಾತಿನ ಅರ್ಥವನ್ನು ನನಗೆ ತಿಳಿಸಿದವಳು ನನ್ನ ಅವ್ವ. ಓದುಬರಹ ಬಾರದ ಅವಳು ಕೂಲಿಗೆ ಹೊರಡುವ ಮುನ್ನ ದೀಪ ಹಚ್ಚಿ ಕೈಮುಗಿಯುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಒಂದು ಮುಂಜಾನೆ ನಾನೂ ಅವಳ ಪಕ್ಕದಲ್ಲಿ ಕಣ್ಣುಮುಚ್ಚಿ ಬಹಳ ಹೊತ್ತು ಕುಳಿತಿದ್ದೆನು. ಅವಳು ಭುಜ ಮುಟ್ಟಿ, “ಕೇಳ್ಕೊಂಡಿದ್ದು ಸಾಕು ಮಗಾ, ಎದ್ದು ಓದ್ಕೊ. ಬಿತ್ತದೆ ಮಳೆ ಬೇಡಿದ್ರೆ, ಬಂದ ಮಳೆ ಯಾರಿಗೆ?” ಎಂದಳು. ಅಂದೇ ಜೇಬಿನ ಅರ್ಜಿಯನ್ನು ಒಲೆಗೆ ಹಾಕಿದೆನು.

ಅಂದಿನಿಂದ ನಸುಕಿನಲ್ಲಿ ಸ್ವಲ್ಪ ಹೊತ್ತು ಪ್ರಾರ್ಥನೆ, ಅನಂತರ ಒಂದು ಗಂಟೆ ಇಂಗ್ಲಿಷ್ ಓದು ಎಂಬ ನಿಯಮವನ್ನಿಟ್ಟುಕೊಂಡೆನು. ‘ಪಾಸು ಮಾಡಿಸು’ ಎಂದು ಬೇಡುವುದನ್ನು ಬಿಟ್ಟು, ‘ಇಂದಿನ ಪಾಠಕ್ಕೆ ಮನಸ್ಸು ಕೊಡು’ ಎಂದು ಬೇಡಿದೆನು. ಮೂರನೆಯ ಸಲ ಉತ್ತೀರ್ಣನಾದೆನು. ಅಂಕಗಳು ಹೆಚ್ಚೇನೂ ಅಲ್ಲ. ಬೆರಳು ಆಗಲೂ ನಡುಗಿತು. ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. ಆ ಪಿಸುದನಿ ಈಗಲೂ ಆಗಾಗ ಕೇಳಿಬರುವುದು. ಅದು ನನ್ನ ವಿವೇಕವಲ್ಲವೆಂದು ಮಾತ್ರ ಬಲ್ಲೆನು.

ಮಿತ್ರರೇ, ಒಂದು ಎಚ್ಚರಿಕೆಯ ಮಾತು. ಖಿನ್ನತೆಯು ಕಾಯಿಲೆಯಾಗಿ ಬೇರೂರಿದವರಿಗೆ ವೈದ್ಯರ ನೆರವು ಅವಶ್ಯಕ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಪಡೆಯಬಹುದು. ನೆರವು ಬೇಡುವುದು ಭಕ್ತಿಯ ಕೊರತೆಯಲ್ಲ. ಪ್ರಾರ್ಥನೆಯೂ ನೆರವು ಬೇಡುವುದೇ ಅಲ್ಲವೇ?

ಆದುದರಿಂದ ಕುಗ್ಗಿದ ಮನಸ್ಸನ್ನು ಬೈಯದಿರೋಣ, ಬಚ್ಚಿಡದಿರೋಣ. ಪ್ರತಿದಿನವೂ ಅದನ್ನು ದೇವರ ಮುಂದಿಟ್ಟು, ಎದ್ದು, ಅಂದಿನ ಕಾಯಕಕ್ಕೆ ಕೈಹಚ್ಚೋಣ. ಬಿತ್ತಿದವನಿಗೆ ಮಳೆಯನ್ನು ಬೇಡುವ ಅಧಿಕಾರವುಂಟು.