ರೇಸ್ ಕೊಟ್ಟರೂ ಗಾಡಿ ಎಳೆಯುತ್ತಿಲ್ಲವೇ?

ಎಫ್‌ಐ ಬೈಕಿನ ಪಿಕಪ್ ಬಿದ್ದಿದೆ ಎಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, ‘ಸೆನ್ಸರ್ ಹೋಗಿರಬೇಕು ಸಾರ್’. 2020ರ ಏಪ್ರಿಲ್ 1ರಿಂದ ಬಿಎಸ್‌–6 ನಿಯಮ ಜಾರಿಗೆ ಬಂದು, ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ (ಎಫ್‌ಐ) ಬಂದಾಗಿನಿಂದ ಈ ಮಾತು ಚಾಲ್ತಿಯಲ್ಲಿದೆ. ಸೆನ್ಸರ್ ಕೆಡುವುದೇ ಇಲ್ಲ ಎಂದೇನಲ್ಲ. ಆದರೆ ಸಾವಿರಾರು ರೂಪಾಯಿಯ ಆ ಭಾಗಕ್ಕೆ ಕೈಹಾಕುವ ಮುನ್ನ ಕಾಸು ಖರ್ಚಿಲ್ಲದೆ ನೋಡಬಹುದಾದದ್ದು ಬಹಳಷ್ಟಿದೆ.

ಮೊದಲು ತೊಂದರೆ ಯಾವಾಗ ಕಾಣಿಸುತ್ತದೆ ಎಂದು ಗಮನಿಸಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಸಿಗ್ನಲ್‌ನಲ್ಲಿ ಹೊರಡುವಾಗಲೋ, 60 ದಾಟಿದ ಮೇಲೋ? ಮಳೆ ಬಂದ ಮಾರನೆ ದಿನವೋ, ಹೊಸ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಕೇಬಲ್, ಕ್ಲಚ್, ಚೈನ್

ಎಂಜಿನ್ ಆಫ್ ಮಾಡಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಬಿಡಿ. ಹ್ಯಾಂಡಲ್ ಎಡಕ್ಕಿರಲಿ, ಬಲಕ್ಕಿರಲಿ, ಗ್ರಿಪ್ ಟಪ್ಪನೆ ಹಿಂದಕ್ಕೆ ಬರಬೇಕು. ಕೇಬಲ್ ಇರುವ ಗಾಡಿಗಳಲ್ಲಿ ಗ್ರಿಪ್ ಅಂಚಿನಲ್ಲಿ ಸಾಮಾನ್ಯವಾಗಿ 2ರಿಂದ 6 ಮಿ.ಮೀ. ಆಟ ಇರಬೇಕು. ಅದಕ್ಕಿಂತ ಸಡಿಲವಾದರೆ ನೀವು ತಿರುಗಿಸಿದ್ದರಲ್ಲಿ ಒಂದಷ್ಟು ವ್ಯರ್ಥವಾಗುತ್ತದೆ. ಎತ್ತರದ ಹ್ಯಾಂಡಲ್ ಹಾಕಿಸಿದವರು ಕೇಬಲ್ ಎಳೆದುಕೊಂಡಿದೆಯೇ ಎಂದೂ ನೋಡಬೇಕು.

ಆಮೇಲೆ ಏರು ರಸ್ತೆಯಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ರೇಸ್ ಕೊಡಿ. ಎಂಜಿನ್ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಅದು ಕ್ಲಚ್ ಪ್ಲೇಟಿನ ಕಥೆ, ಇಂಜೆಕ್ಷನ್ನಿನದ್ದಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಗೊತ್ತಾಗುತ್ತದೆ. ಸಡಿಲ ಚೈನ್‌ನಿಂದಲೂ ರೇಸ್ ಕೊಟ್ಟಾಗ ಜರ್ಕ್ ಬರುತ್ತದೆ.

ಗಾಳಿ ಮತ್ತು ಕಿಡಿ

ಏರ್ ಫಿಲ್ಟರ್ ಬಿಚ್ಚಿ ನೋಡಿ. ಇಂದಿನ ಬಹಳಷ್ಟು ಗಾಡಿಗಳಲ್ಲಿರುವುದು ಎಣ್ಣೆ ಸವರಿದ ಕಾಗದದ ಫಿಲ್ಟರ್. ಅದಕ್ಕೆ ಗಾಳಿ ಹೊಡೆಸುವುದು ತಪ್ಪು. ಕೊಳೆಯಾದರೆ ಹೊಸದನ್ನೇ ಹಾಕಬೇಕು. ಬಯಲುಸೀಮೆಯ ಮಣ್ಣು ರಸ್ತೆಯಲ್ಲಿ ಓಡಾಡುವವರು ಕೈಪಿಡಿ ಹೇಳುವ ಕಿ.ಮೀ. ತನಕ ಕಾಯಬಾರದು. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು.

ಪ್ಲಗ್ ತೆಗೆದಾಗ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಎಣ್ಣೆ ಪಸೆ ಇದ್ದರೆ ವಿಷಯ ಎಂಜಿನ್ ಒಳಗಿನದು, ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಬ್ಯಾಟರಿ ಮತ್ತು ಪಂಪ್

ಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಪಂಪ್, ಇಂಜೆಕ್ಟರ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಎಲ್ಲವೂ ಕರೆಂಟನ್ನೇ ನಂಬಿವೆ. ಮಲ್ಟಿಮೀಟರ್ ಇದ್ದರೆ, ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಕನಿಷ್ಠ 12.4 ವೋಲ್ಟ್, ರೇಸ್ ಕೊಟ್ಟಾಗ ಸುಮಾರು 13.5ರಿಂದ 14.5 ವೋಲ್ಟ್ ಇದೆಯೇ ನೋಡಿ. ಟರ್ಮಿನಲ್ ಸಡಿಲವಾಗಿದ್ದರೂ ಗಾಡಿ ಮಿಸ್ ಹೊಡೆಯುತ್ತದೆ.

ಕೀ ಆನ್ ಮಾಡಿದೊಡನೆ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ‘ಝೂಂ’ ಎಂಬ ಸದ್ದು ಬರಬೇಕು. ಅದು ಪಂಪ್ ಒತ್ತಡ ಕಟ್ಟುವ ಸದ್ದು. ನಿಧಾನ ಹೋಗುವಾಗ ಚೆನ್ನಾಗಿದ್ದು, ಪೂರ್ತಿ ರೇಸಿಗೆ ಉಸಿರುಗಟ್ಟಿದಂತಾದರೆ ಪಂಪ್ ಅಥವಾ ಟ್ಯಾಂಕಿನೊಳಗಿನ ಫಿಲ್ಟರ್ ಮೇಲೆ ಅನುಮಾನಪಡಿ. ಹಲವು ಗಾಡಿಗಳಲ್ಲಿ ಒತ್ತಡ ಸುಮಾರು 3 ಬಾರ್ ಇರುತ್ತದೆ. ಅದನ್ನು ಅಳೆಯಲು ಗೇಜ್ ಬೇಕು, ಪೈಪ್ ಬಿಚ್ಚಿದರೆ ಪೆಟ್ರೋಲ್ ಚಿಮ್ಮುತ್ತದೆ. ಈ ಕೆಲಸ ಮನೆಯಲ್ಲಿ ಬೇಡ. ಸದಾ ರಿಸರ್ವ್‌ನಲ್ಲೇ ಓಡಿಸುವ ಚಾಳಿಯನ್ನೂ ಬಿಡಿ, ಟ್ಯಾಂಕಿನಲ್ಲಿರುವ ಪೆಟ್ರೋಲೇ ಪಂಪನ್ನು ತಂಪಾಗಿಡುವುದು. ಪೆಟ್ರೋಲಿಗೆ ಬೆರೆಸಿರುವ ಎಥೆನಾಲ್ ನೀರು ಹೀರುವುದರಿಂದ ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಗಟ್ಟಿಯಿದೆಯೇ ನೋಡಿಕೊಳ್ಳಿ.

ಥ್ರಾಟಲ್ ಬಾಡಿ

ನಿಂತಲ್ಲಿಂದ ಹೊರಡುವಾಗ ಒಮ್ಮೆ ಮುಗ್ಗರಿಸಿ ಆಮೇಲೆ ಸರಿಹೋಗುತ್ತದೆಯೇ? ಏರ್ ಫಿಲ್ಟರ್ ಕಡೆಯ ಪೈಪ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗಿನ ದುಂಡು ತಗಡು ಮುಚ್ಚಿಕೊಳ್ಳುವ ಅಂಚಿನಲ್ಲಿ ಕಪ್ಪು ಜಿಡ್ಡಿನ ಉಂಗುರ ಕಟ್ಟಿರುತ್ತದೆ. ಥ್ರಾಟಲ್ ಬಾಡಿ ಕ್ಲೀನರನ್ನು ಮೆತ್ತನೆ ಬಟ್ಟೆಗೆ ಹಾಕಿಕೊಂಡು ಒರೆಸಿ. ಬ್ರಶ್ಶಿನಿಂದ ಉಜ್ಜಬೇಡಿ. ಬಣ್ಣದ ಗುರುತು ಹಾಕಿರುವ ಸ್ಕ್ರೂ ಕಂಡರೆ ಅದನ್ನು ಮುಟ್ಟಲೇಬೇಡಿ. ಕಾರ್ಬ್ಯುರೇಟರ್ ಕಾಲದ ಅಭ್ಯಾಸದಲ್ಲಿ ಅದನ್ನು ತಿರುಗಿಸಿ ಐಡ್ಲಿಂಗ್ ಕೂರಿಸಲು ಹೋಗಿ ಕೆಟ್ಟ ಗಾಡಿಗಳು ಕಡಿಮೆಯಿಲ್ಲ. ಥ್ರಾಟಲ್ ಬಾಡಿಗೂ ಎಂಜಿನ್‌ಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೂ ಗಾಡಿ ಹೀಗೇ ಮುಗ್ಗರಿಸುತ್ತದೆ. ಎಂಜಿನ್ ಓಡುವಾಗ ಅಲ್ಲಿ ಸೋಪು ನೀರು ಸವರಿ. ನೀರು ಒಳಕ್ಕೆ ಹೀರಿಕೊಂಡು ಸದ್ದು ಬದಲಾದರೆ ಸೋರಿಕೆ ಅಲ್ಲೇ.

ಇನ್ನು ಸೆನ್ಸರ್

ಕೀ ಆನ್ ಮಾಡಿದಾಗ ಹಳದಿ ಎಂಜಿನ್ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಇಸಿಯು ದೋಷದ ಕೋಡ್ ಬರೆದಿಟ್ಟಿದೆ ಎಂದರ್ಥ. ಭಾಗ ಬದಲಿಸುವ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಮಲೆನಾಡಿನ ಮಳೆಯಲ್ಲೋ, ಪ್ರೆಷರ್ ವಾಷ್‌ನಲ್ಲೋ ನೀರು ಹೊಕ್ಕ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಮತ್ತೆ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕು.

ಥ್ರಾಟಲ್ ಪೊಸಿಶನ್ ಸೆನ್ಸರಿಗೆ 5 ವೋಲ್ಟ್ ಹೋಗುತ್ತದೆ. ಥ್ರಾಟಲ್ ಮುಚ್ಚಿದ್ದಾಗ ಅದರ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ 4ರ ಮೇಲೆ. ನಿಧಾನ ತಿರುಗಿಸಿದಂತೆ ಮೀಟರಿನ ಮುಳ್ಳು ಒಂದೇ ಸಮ ಏರಬೇಕು. ಮಧ್ಯೆ ದಬಕ್ಕನೆ ಬಿದ್ದರೆ ಸೆನ್ಸರ್ ಸವೆದಿದೆ ಎಂದು ಆಗ ಧೈರ್ಯವಾಗಿ ಹೇಳಬಹುದು.

ವಾರಂಟಿ ಇರುವ ಗಾಡಿಯಾದರೆ ಯಾರಿಗೂ ವೈರ್ ಕತ್ತರಿಸಲು ಬಿಡಬೇಡಿ. ನೀವು ಗಮನಿಸಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ಸ್ಕ್ಯಾನರ್ ತೋರಿಸಿದ ಕೋಡನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡ ಮೇಲೆಯೇ ಹೊಸ ಭಾಗಕ್ಕೆ ಒಪ್ಪಿಗೆ ಕೊಡಿ.