ಜಂಬಲಾಯ: ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು



ಜಂಬಲಾಯ ಅಮೆರಿಕದ ಲೂಸಿಯಾನಾ ರಾಜ್ಯದ ಖಾರದ ಅನ್ನ. ಕೋಳಿ, ಸಾಸೇಜ್, ತರಕಾರಿ, ಮೆಣಸು, ಅಕ್ಕಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಕೊನೆಗೆ ತೊಳೆಯಬೇಕಾದದ್ದೂ ಒಂದೇ ಪಾತ್ರೆ. ಪಿಯುಸಿ ಮುಗಿಸಿ ಬೇರೆ ಊರಿಗೆ ಹೋಗಿ, ನಾಲ್ಕು ಮಂದಿ ಸೇರಿ ಬಾಡಿಗೆ ಕೋಣೆ ಹಿಡಿದು ಓದುವವರಿಗೆ ಇಂಥ ಅಡುಗೆ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಇದರ ಪಾಕವಿಧಾನ ಓದಲು ಕೂತ ನಮ್ಮ ವಿದ್ಯಾರ್ಥಿಗಳು ಮೊದಲ ಸಾಲಿನಲ್ಲೇ ನಿಂತುಬಿಡುತ್ತಾರೆ. ಆಂಡೂಯಿ ಎಂಬ ಹಂದಿಮಾಂಸದ ಸಾಸೇಜ್ ಹಾಕಿ ಎಂದಿರುತ್ತದೆ. ಟ್ಯಾಸೊ ಎಂಬ ಹೊಗೆ ಹಿಡಿಸಿದ ಹಂದಿಮಾಂಸ ಇರುತ್ತದೆ. ಕೆಲವರು ಒಂದು ಲೋಟ ವೈನನ್ನೂ ಸುರಿಯುತ್ತಾರೆ. ಇವನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ಜಂಬಲಾಯವೇ, ಅಥವಾ ಹೆಸರು ಬದಲಿಸಿಕೊಂಡ ಪಲಾವೇ?

ಜಂಬಲಾಯವೇ ಎಂಬುದು ನನ್ನ ಉತ್ತರ. ಅದಕ್ಕೆ ಕಾರಣ ಸ್ವಲ್ಪ ಇತಿಹಾಸದಲ್ಲಿದೆ, ಹೆಚ್ಚಾಗಿ ಪಾತ್ರೆಯ ತಳದಲ್ಲಿದೆ.

ಮೊದಲು ಹೆಸರು. ಹಂದಿಯ ತೊಡೆಮಾಂಸಕ್ಕೆ ಫ್ರೆಂಚಿನಲ್ಲಿ ಜಾಂಬೊ ಎನ್ನುತ್ತಾರೆ, ಜಂಬಲಾಯ ಅದರಿಂದ ಬಂತು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ನಿಘಂಟುಗಳು ತೋರಿಸುವ ಮೂಲ ಬೇರೆ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ ಇದೇ ಪದವಿದೆ, ಅದರ ಅರ್ಥ ಅಕ್ಕಿ ಮತ್ತು ಕೋಳಿ ಸೇರಿಸಿ ಬೇಯಿಸಿದ ಅಡುಗೆ. ಹಾಗಾಗಿ ಹೆಸರಿನ ಕಾರಣಕ್ಕೆ ಹಂದಿಮಾಂಸ ಬೇಕೇ ಬೇಕು ಎನ್ನುವಂತಿಲ್ಲ.

ಇನ್ನು ಜನ. ಕೇಜನ್ ಎಂಬುದು ಅಕೇಡಿಯನ್ ಎಂಬ ಪದ ಸವೆದು ಆದ ರೂಪ. ಅಕೇಡಿಯ ಇದ್ದದ್ದು ಇಂದಿನ ಕೆನಡಾದ ನೋವಾ ಸ್ಕೋಶಿಯಾ ಮತ್ತು ಅದರ ಸುತ್ತಮುತ್ತ. 17ನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹೋಗಿ ಅಲ್ಲಿ ನೆಲೆಸಿದ ರೈತರು ಸಮುದ್ರದ ಉಪ್ಪುನೀರಿಗೆ ಒಡ್ಡು ಕಟ್ಟಿ ಗೋಧಿ ಬೆಳೆಯುತ್ತಿದ್ದರು. 1755ರಿಂದ ಬ್ರಿಟಿಷರು ಅವರನ್ನು ಹಡಗುಗಳಲ್ಲಿ ತುಂಬಿ ಹೊರಗಟ್ಟಿದರು. ಮನೆಗಳನ್ನು ಸುಟ್ಟರು, ಕುಟುಂಬಗಳು ಚೆದರಿದವು, ಸಾವಿರಾರು ಮಂದಿ ಸತ್ತರು. ಬದುಕಿ ಉಳಿದವರಲ್ಲಿ ಹಲವರು 1760ರ ದಶಕದಿಂದ ಲೂಸಿಯಾನಾಕ್ಕೆ ಬಂದು ಸೇರಿದರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಬಂದರು. ಬಂದು ನೋಡಿದರೆ ಸೆಕೆ, ಜೌಗು, ಸೊಳ್ಳೆ. ಗೋಧಿ ಬೆಳೆಯುವ ನೆಲವಲ್ಲ. ಅಕ್ಕಿ ಇತ್ತು, ಹಾಗಾಗಿ ಅಕ್ಕಿ ಉಂಡರು.

ಆ ಅಕ್ಕಿ ಅಲ್ಲಿಗೆ ಬಂದದ್ದು ಹೇಗೆ? 1719ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ಹೊತ್ತು ಬಂದ ಮೊದಲ ಹಡಗುಗಳಲ್ಲೇ ಬಿತ್ತನೆ ಭತ್ತವೂ ಬಂತು, ಭತ್ತದ ಬೇಸಾಯ ಬಲ್ಲವರನ್ನು ಆರಿಸಿಯೇ ತರಲಾಗಿತ್ತು. ಲೂಸಿಯಾನಾಕ್ಕೆ ತಂದ ಗುಲಾಮರಲ್ಲಿ ಬಹಳಷ್ಟು ಮಂದಿ ಸೆನೆಗಲ್ ಮತ್ತು ಗ್ಯಾಂಬಿಯಾ ನದಿಗಳ ಸೀಮೆಯವರು, ಅವರಲ್ಲಿ ಮುಸ್ಲಿಮರೂ ಇದ್ದರು. ಒಂದೇ ಪಾತ್ರೆಯಲ್ಲಿ ಅಕ್ಕಿ, ಮಾಂಸ ಬೇಯಿಸುವ ಪದ್ಧತಿ ಅವರ ನಾಡಿನಲ್ಲಿ ಇಂದಿಗೂ ಇದೆ, ಜೊಲೋಫ್ ಅನ್ನ ಆ ಬಗೆಯದೇ. ಕೇಜನ್ನರು ಬಂದಾಗ ಲೂಸಿಯಾನಾವನ್ನು ಆಳುತ್ತಿದ್ದದ್ದು ಸ್ಪೇನ್. ಸ್ಪೇನಿಗೆ ಭತ್ತ ತಂದವರು ಅರಬರು. ಎರಡನೆಯ ಭಾಷೆಯಾಗಿ ಅರಬಿ ಓದುವವರು ಗಮನಿಸಿ: ಅರಬಿಯ ‘ಅರ್‌ರುಝ್’ ಸ್ಪ್ಯಾನಿಷಿನಲ್ಲಿ ‘ಅರೋಝ್’ ಆಗಿ ಇಂದಿಗೂ ಉಳಿದಿದೆ.

ಹೀಗೆ, ಈ ಅಡುಗೆಯಲ್ಲಿ ಕೈಹಾಕಿದವರಲ್ಲಿ ಹೆಚ್ಚಿನವರು ತಮ್ಮ ಊರಿನಿಂದ ಕಿತ್ತುಬಂದವರು. ತಮ್ಮಲ್ಲಿಲ್ಲದ್ದನ್ನು ಬಿಟ್ಟು, ಸಿಕ್ಕಿದ್ದನ್ನು ಹಾಕಿ ಬೇಯಿಸಿದವರು. ಕೋಳಿ, ಸಿಗಡಿ, ಬಾತುಕೋಳಿ, ಅಳಿಲು, ಮೊಸಳೆ ಜಾತಿಯ ಆಲಿಗೇಟರ್ ಕೂಡ ಅಲ್ಲಿಯ ಜಂಬಲಾಯಕ್ಕೆ ಬೀಳುತ್ತದೆ. ಗೊನ್ಸಾಲೆಸ್ ಎಂಬ ಪಟ್ಟಣ ತನ್ನನ್ನು ಜಗತ್ತಿನ ಜಂಬಲಾಯ ರಾಜಧಾನಿ ಎಂದು ಕರೆದುಕೊಳ್ಳುತ್ತದೆ, 1968ರಿಂದ ಅಲ್ಲಿ ಜಂಬಲಾಯ ಉತ್ಸವ ನಡೆಯುತ್ತಿದೆ. ಅಲ್ಲಿನ ಸ್ಪರ್ಧೆಯಲ್ಲಿ ಕಟ್ಟಿಗೆ ಬೆಂಕಿಯ ಮೇಲೆ, ಬೀಡು ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ಬೇಯುವುದು ಕೋಳಿಯ ಜಂಬಲಾಯ.

ಕೇಜನ್ ಎಂದರೆ ಬಾಯಿ ಉರಿಯುವಷ್ಟು ಖಾರ ಎಂಬ ತಿಳಿವಳಿಕೆಯೂ ಪೂರ್ತಿ ಸರಿಯಲ್ಲ. 1980ರ ದಶಕದಲ್ಲಿ ಪಾಲ್ ಪ್ರುಡೋಮ್ ಎಂಬ ಬಾಣಸಿಗರು ಈ ಅಡುಗೆಯನ್ನು ಅಮೆರಿಕವಿಡೀ ಪ್ರಸಿದ್ಧಗೊಳಿಸಿದ ಮೇಲೆ ಹೋಟೆಲುಗಳು ಕೆಂಪು ಪುಡಿ ಎರಚಿದ್ದಕ್ಕೆಲ್ಲ ಕೇಜನ್ ಎಂದು ಹೆಸರಿಡತೊಡಗಿದವು. ಇನ್ನೊಂದು ವ್ಯತ್ಯಾಸ ನೆನಪಿಡಿ. ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಜಂಬಲಾಯಕ್ಕೆ ಟೊಮೆಟೊ ಹಾಕುತ್ತಾರೆ, ಅದು ಕೆಂಪು. ಹಳ್ಳಿಗಾಡಿನ ಕೇಜನ್ ಜಂಬಲಾಯಕ್ಕೆ ಟೊಮೆಟೊ ಇಲ್ಲ, ಅದು ಕಂದು. ಆ ಕಂದು ಬಣ್ಣ ಯಾವ ಪುಡಿಯಿಂದಲೂ ಬರುವುದಿಲ್ಲ, ಮಾಂಸವನ್ನು ಹುರಿಯುವುದರಿಂದ ಬರುತ್ತದೆ. ಬದಲಿಸಬಾರದ್ದು ಇದು ಒಂದೇ.

ಈಗ ಸಾಮಾನು, ನಾಲ್ಕು ಮಂದಿಗೆ. ಕೋಳಿಯ ತೊಡೆಮಾಂಸ 600 ಗ್ರಾಂ, ಹಲಾಲ್ ಚಿಕನ್ ಸಾಸೇಜ್ 200 ಗ್ರಾಂ, ಅಕ್ಕಿ 2 ಕಪ್, ದೊಡ್ಡ ಈರುಳ್ಳಿ 2, ದೊಣ್ಣೆಮೆಣಸಿನಕಾಯಿ 1, ಸೆಲರಿ ದಂಟು 2, ಬೆಳ್ಳುಳ್ಳಿ 6 ಎಸಳು, ಎಣ್ಣೆ 3 ದೊಡ್ಡ ಚಮಚ, ನೀರು ಮೂರೂವರೆ ಕಪ್. ಈರುಳ್ಳಿ, ದೊಣ್ಣೆಮೆಣಸು, ಸೆಲರಿ ಈ ಮೂರೂ ಕೇಜನ್ ಅಡುಗೆಯ ಅಡಿಪಾಯ. ಸೆಲರಿ ನಮ್ಮ ಪೇಟೆಯಲ್ಲಿ ಸಿಗದಿದ್ದರೆ ಕೊತ್ತಂಬರಿ ಸೊಪ್ಪಿನ ದಂಟನ್ನು ಸಣ್ಣಗೆ ಹೆಚ್ಚಿ ಹಾಕಿ. ಎರಡೂ ಒಂದೇ ಸಸ್ಯಕುಟುಂಬದವು, ರುಚಿ ಹೂಬೇಹೂಬು ಅಲ್ಲದಿದ್ದರೂ ಜಾಗ ತುಂಬುತ್ತದೆ. ಸಾಸೇಜ್ ಕೊಳ್ಳುವಾಗ ‘ಚಿಕನ್’ ಎಂಬ ಒಂದೇ ಪದ ನೋಡಿ ಸುಮ್ಮನಾಗಬೇಡಿ. ಹೊರಗಿನ ತೊಗಲು ಬೇರೆ ಪ್ರಾಣಿಯದ್ದಿರಬಹುದು, ಹಲಾಲ್ ಗುರುತು ನೋಡಿಯೇ ತನ್ನಿ. ಸಿಗದಿದ್ದರೆ ಕೋಳಿಯನ್ನೇ 800 ಗ್ರಾಂ ಮಾಡಿ.

ಅಕ್ಕಿ ಬೆಳ್ತಿಗೆಯೇ ಆಗಬೇಕು, ಸೋನಾ ಮಸೂರಿ ಅಥವಾ ಬಾಸ್ಮತಿ. ನಮ್ಮ ಕರಾವಳಿಯ ದಪ್ಪ ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಕೋಳಿ ನಾರುನಾರಾಗಿರುತ್ತದೆ. ಅಕ್ಕಿ ತೊಳೆಯಿರಿ, ನೆನೆಸಬೇಡಿ. ನೆನೆಸಿದ್ದೇ ಆದರೆ ನೀರು ಅರ್ಧ ಕಪ್ ಕಡಿಮೆ ಮಾಡಿ.

ಮಸಾಲೆಯಲ್ಲಿ ಅವರು ಬಳಸುವುದು ಕೇಯೆನ್ ಮೆಣಸು. ನಾವು ಒಂದು ಚಮಚ ಗುಂಟೂರು ಮೆಣಸಿನ ಪುಡಿ, ಎರಡು ಚಮಚ ಬ್ಯಾಡಗಿ ಪುಡಿ ಹಾಕೋಣ. ಮೊದಲನೆಯದು ಖಾರಕ್ಕೆ, ಎರಡನೆಯದು ಬಣ್ಣಕ್ಕೂ ಪರಿಮಳಕ್ಕೂ. ಜೀವಶಾಸ್ತ್ರದವರಿಗೆ ಒಂದು ಮಾತು: ಕೇಯೆನ್, ಗುಂಟೂರು, ಬ್ಯಾಡಗಿ, ಅಷ್ಟೇ ಏಕೆ, ಖಾರವೇ ಇಲ್ಲದ ದೊಣ್ಣೆಮೆಣಸು ಕೂಡ ಕ್ಯಾಪ್ಸಿಕಂ ಆನ್ಯುಅಮ್ ಎಂಬ ಒಂದೇ ಪ್ರಭೇದ. ಕಾಳುಮೆಣಸಿನ ಪುಡಿ ಒಂದು ಚಮಚ. ಥೈಮ್ ಎಂಬ ಸೊಪ್ಪನ್ನು ಕೇಳುತ್ತಾರೆ, ಅದರ ವಾಸನೆಗೆ ಕಾರಣವಾದ ಥೈಮಾಲ್ ನಮ್ಮ ಓಮದಲ್ಲೂ ಇದೆ. ಎರಡು ಚಿಟಿಕೆ ಓಮವನ್ನು ಅಂಗೈಯಲ್ಲಿ ಉಜ್ಜಿ ಹಾಕಿದರೆ ಸಾಕು, ಹೆಚ್ಚಾದರೆ ಅಜೀರ್ಣದ ಔಷಧಿಯ ರುಚಿ ಬರುತ್ತದೆ. ಅವರ ಬೇ ಎಲೆ ನಮ್ಮ ಪಲಾವ್ ಎಲೆಯಲ್ಲ. ಅದರಲ್ಲಿ ನಡುವೆ ಒಂದೇ ದಪ್ಪ ನರ, ನಮ್ಮದರಲ್ಲಿ ಉದ್ದಕ್ಕೆ ಮೂರು. ನಮ್ಮದು ದಾಲ್ಚಿನ್ನಿಯ ದಾಯಾದಿ, ಹಾಕಿದರೆ ಅನ್ನ ಬಿರಿಯಾನಿಯ ಕಡೆಗೆ ವಾಲುತ್ತದೆ. ನಾನಾದರೆ ಬಿಟ್ಟುಬಿಡುತ್ತೇನೆ.

ವೈನಿನ ವಿಷಯ. ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ಅರ್ಧ ಗಂಟೆ ಕುದಿಸಿದ ಮೇಲೂ ಮೂರನೆಯ ಒಂದು ಪಾಲಿನಷ್ಟು ಉಳಿಯುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕವೇ ತೋರಿಸುತ್ತದೆ. ಇಲ್ಲಿ ವೈನಿನ ಕೆಲಸ ತಳಕ್ಕೆ ಹಿಡಿದದ್ದನ್ನು ಬಿಡಿಸುವುದು. ಆ ಕೆಲಸ ನೀರು ಚೆನ್ನಾಗಿಯೇ ಮಾಡುತ್ತದೆ, ಹುಳಿ ಬೇಕೆಂದರೆ ಕೊನೆಗೆ ಒಂದು ಚಮಚ ನಿಂಬೆರಸ.

ಒಲೆ ಹಚ್ಚೋಣ. ದಪ್ಪ ತಳದ ಪಾತ್ರೆ ಬೇಕು. ನಾನ್‌ಸ್ಟಿಕ್ ಬೇಡ, ಅದರ ತಳಕ್ಕೆ ಏನೂ ಹಿಡಿಯುವುದಿಲ್ಲ, ನಮಗೆ ಬೇಕಾದದ್ದು ಹಿಡಿಯುವುದೇ. ಕೋಳಿ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ನೀರು ಇರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಆದರೆ ಕಂದು ಬಣ್ಣ ಬೇಗ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಗಳೂ ಆ ಬಿಸಿಯಲ್ಲಿ ಸೇರಿ ನೂರಾರು ಹೊಸ ರುಚಿ, ವಾಸನೆಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಮೈಲಾರ್ಡ್ ಕ್ರಿಯೆ ಎನ್ನುತ್ತಾರೆ. ಆದ್ದರಿಂದ ಎಣ್ಣೆ ಚೆನ್ನಾಗಿ ಕಾಯಲಿ. ತುಂಡುಗಳನ್ನು ಒತ್ತೊತ್ತಾಗಿ ತುಂಬದೆ ಎರಡು ಸಲಕ್ಕೆ ಹುರಿಯಿರಿ. ಹಾಕಿದ ಮೇಲೆ ಮೂರು ನಾಲ್ಕು ನಿಮಿಷ ಸೌಟು ತಾಗಿಸಬೇಡಿ, ಕೆಂಪಗಾದಾಗ ತುಂಡು ತಾನೇ ತಳ ಬಿಡುತ್ತದೆ. ಮಾಂಸವನ್ನೂ ಆಮೇಲೆ ಸಾಸೇಜನ್ನೂ ಹುರಿದು ತೆಗೆದಿಡಿ.

ಈಗ ತಳದಲ್ಲಿ ಒಂದು ಕಂದು ಪದರ ಕಾಣುತ್ತದೆ. ಅದನ್ನು ಸೀದಿದೆ ಎಂದು ಉಜ್ಜಿ ಚೆಲ್ಲಬೇಡಿ. ಕಪ್ಪಾಗಿದ್ದರೆ ಮಾತ್ರ ಸೀದದ್ದು. ಹೆಚ್ಚಿದ ಈರುಳ್ಳಿ, ದೊಣ್ಣೆಮೆಣಸು, ಸೆಲರಿಯನ್ನು ಅದರ ಮೇಲೆಯೇ ಹಾಕಿ. ತರಕಾರಿಯ ನೀರು ಪದರವನ್ನು ಬಿಡಿಸುತ್ತದೆ, ಆರಿದಂತೆ ಮತ್ತೆ ಹಿಡಿಯುತ್ತದೆ, ಎರಡು ಚಮಚ ನೀರು ಚಿಮುಕಿಸಿ ಮತ್ತೆ ಕೆರೆಯಿರಿ. ಹೀಗೆ ಎರಡು ಮೂರು ಸಲ, ಒಟ್ಟು 15 ನಿಮಿಷ. ಅವಸರ ಮಾಡುವವರು ಸೋಲುವುದು ಇಲ್ಲಿಯೇ. ಬೆಳ್ಳುಳ್ಳಿ, ಪುಡಿಗಳು ಕೊನೆಯ ಒಂದು ನಿಮಿಷಕ್ಕೆ.

ಮಾಂಸವನ್ನು ಮರಳಿ ಹಾಕಿ, ನೀರು ಸುರಿದು ಕುದಿಸಿ, ಉಪ್ಪು ಹಾಕಿ ರುಚಿ ನೋಡಿ. ಆ ನೀರು ನಿಮಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ಉಪ್ಪು, ತುಸು ಹೆಚ್ಚು ಖಾರ ಇರಬೇಕು. ಅಕ್ಕಿ ಎರಡನ್ನೂ ಹೀರುತ್ತದೆ. ಅಕ್ಕಿ ಹಾಕಿ, ಮತ್ತೆ ಕುದಿ ಬಂದೊಡನೆ ಒಲೆಯನ್ನು ಅತಿ ಸಣ್ಣಗೆ ಮಾಡಿ ಬಿಗಿಯಾಗಿ ಮುಚ್ಚಿ. ಹತ್ತು ನಿಮಿಷಕ್ಕೊಮ್ಮೆ, ಒಂದೇ ಸಲ, ಸೌಟನ್ನು ಅಂಚಿನಿಂದ ತಳಕ್ಕಿಳಿಸಿ ಅನ್ನವನ್ನು ಮಗುಚಿ. ಕಲಕಬಾರದು. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಜೈವಿಕ ಅಣುಗಳ ಪಾಠದಲ್ಲಿ ಪಿಷ್ಟದ ಎರಡು ಭಾಗಗಳನ್ನು ಓದುತ್ತೀರಿ, ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ಬಿಸಿನೀರಿನಲ್ಲಿ ಉಬ್ಬಿದ ಅಗುಳನ್ನು ಕಲಕಿದರೆ ಒಡೆದು ಪಿಷ್ಟ ಹೊರಬಂದು ಎಲ್ಲ ಅಂಟಾಗುತ್ತದೆ. ಇನ್ನೊಂದು 12 ನಿಮಿಷ ಬೇಯಲಿ, ಒಲೆ ಆರಿಸಿ 10 ನಿಮಿಷ ಮುಚ್ಚಿಯೇ ಇಡಿ.

ಆಂಡೂಯಿಯಿಂದ ಬರಬೇಕಾಗಿದ್ದ ಹೊಗೆಯ ವಾಸನೆ ಒಂದು ಬಾಕಿ. ಅದಕ್ಕೆ ಉಪಾಯ ನಮ್ಮ ಮನೆಗಳಲ್ಲೇ ಇದೆ. ಕಬಾಬ್, ಕೀಮಾಕ್ಕೆ ಕೆಂಡದ ಹೊಗೆ ಕೊಡುವುದನ್ನು ಅಮ್ಮಂದಿರ ಕೈಯಲ್ಲಿ ನೋಡಿರುತ್ತೀರಿ. ಆ ಹತ್ತು ನಿಮಿಷದಲ್ಲಿ ಅನ್ನದ ನಡುವೆ ಒಂದು ಸಣ್ಣ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಮುಚ್ಚಿ. ಐದು ನಿಮಿಷಕ್ಕೆ ಬಟ್ಟಲು ತೆಗೆಯಿರಿ. ಕಿಟಕಿ ತೆರೆದಿರಲಿ. ಇದ್ದಿಲನ್ನು ಮುಚ್ಚಿದ ಕೋಣೆಯಲ್ಲಿ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಅಪಾಯ. ಬಾಡಿಗೆ ಕೋಣೆ ಇಕ್ಕಟ್ಟಾಗಿದ್ದರೆ ಹೊಗೆಯನ್ನೇ ಬಿಟ್ಟುಬಿಡಿ, ಜಂಬಲಾಯಕ್ಕೆ ಏನೂ ಕೆಡುವುದಿಲ್ಲ. ಮಾಂಸ ತಿನ್ನದ ಸಹಪಾಠಿಗಳಿಗೆ ಕೋಳಿಯ ಬದಲು ಅಣಬೆಯನ್ನು ಹೀಗೆಯೇ ಒಣಗಿಸಿ, ಕಂದಾಗುವಂತೆ ಹುರಿದು ಹಾಕಬಹುದು.

ಖಾರ ಹೆಚ್ಚಾಯಿತೆಂದು ನೀರು ಕುಡಿದು ಪ್ರಯೋಜನವಿಲ್ಲ. ಮೆಣಸಿನ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ನಾಲಗೆಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಅದು ತಟ್ಟುವುದರಿಂದ ನಮಗೆ ಸುಟ್ಟಂತೆ ಅನಿಸುತ್ತದೆ. ಆ ಗ್ರಾಹಕವನ್ನು ಕ್ಯಾಪ್ಸೈಸಿನ್ ಬಳಸಿಯೇ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪಕ್ಕದಲ್ಲಿ ಗಟ್ಟಿ ಮೊಸರು ಇರಲಿ.

ಉಳಿದ ಅನ್ನವನ್ನು ಪಾತ್ರೆಯಲ್ಲೇ ಬೆಳಗಿನವರೆಗೆ ಇಡಬೇಡಿ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ, ಮರುದಿನ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ ಇಲ್ಲದ ಕೋಣೆಯಲ್ಲಿ ಎರಡು ಕಪ್ ಅಕ್ಕಿಯ ಬದಲು ಒಂದೂವರೆ ಕಪ್ ಹಾಕಿ, ನೀರನ್ನೂ ಅಳತೆಗೆ ತಕ್ಕಂತೆ ಕಡಿಮೆ ಮಾಡಿ, ಅಂದೇ ಮುಗಿಸಿ.